ಧೂಳನ್ನು ತೂಗಬೇಕೇ, ಎಣಿಸಬೇಕೇ? ಗಾಳಿಯ ಕಣಗಳನ್ನು ಅಳೆಯುವ ಉಪಕರಣ ಆರಿಸುವವರಿಗೆ

ಗಾಳಿಯಲ್ಲಿನ ಧೂಳನ್ನು ಅಳೆಯುವ ಉಪಕರಣಗಳು ಈಗ ಕೆಲವು ಸಾವಿರ ರೂಪಾಯಿಯಿಂದ ಹಿಡಿದು ಹಲವು ಹತ್ತು ಲಕ್ಷದವರೆಗೆ ಎಲ್ಲ ಬೆಲೆಗಳಲ್ಲೂ ದೊರೆಯುತ್ತವೆ. ಕೊಳ್ಳಲು ಹೊರಟವರು ಕೈಯಲ್ಲಿರುವ ಹಣವನ್ನು ನೋಡಿಕೊಂಡು, ಆ ಹಣಕ್ಕೆ ಸಿಗುವವುಗಳಲ್ಲಿ ಹೆಚ್ಚು ಅಂಕಿಗಳನ್ನು ತೋರಿಸುವ ಉಪಕರಣವನ್ನು ಆರಿಸಿಕೊಳ್ಳುವುದು ವಾಡಿಕೆಯಾಗಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಟ್ಟಿಗೆ ಈ ವಾಡಿಕೆಯಿಂದ ಹಣವೂ ಹಾಳು, ಮಾಹಿತಿಯೂ ಹಾಳು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಬೇಸಿಗೆಯ ಧೂಳಿನಲ್ಲಿ ತೂಕದ ಲೆಕ್ಕಕ್ಕೆ ದಪ್ಪ ಕಣಗಳದ್ದೇ ಮೇಲುಗೈ, ಮತ್ತು ಅಗ್ಗದ ಉಪಕರಣಗಳು ಸೋಲುವುದು ಆ ದಪ್ಪ ಕಣಗಳ ಮುಂದೆಯೇ. ಆದ್ದರಿಂದ ಬೆಲೆಯನ್ನು ನೋಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ನಾವು ಅಳೆಯಹೊರಟಿರುವ ಕಣಗಳು ಯಾವ ಗಾತ್ರದವು? ನಮಗೆ ಬೇಕಾದದ್ದು ಅವುಗಳ ತೂಕವೋ, ಸಂಖ್ಯೆಯೋ?

ತೂಕ ಮತ್ತು ಸಂಖ್ಯೆ

ಸಂತೆಯಲ್ಲಿ ಕುಂಬಳಕಾಯಿಯನ್ನು ತೂಗಿ ಕೊಡುತ್ತಾರೆ, ಇಂಡಿ ತಾಲೂಕಿನ ನಿಂಬೆಹಣ್ಣನ್ನು ಎಣಿಸಿ ಕೊಡುತ್ತಾರೆ; ಗಾಳಿಯ ಕಣಗಳಿಗೂ ಹೀಗೆ ಎರಡು ಲೆಕ್ಕಗಳಿವೆ, ಒಂದು ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ಕಣದ ತೂಕವು ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ವ್ಯಾಸದ ಒಂದೇ ಒಂದು ಕಣವು, ಸಾಂದ್ರತೆ ಒಂದೇ ಎಂದಿಟ್ಟುಕೊಂಡರೆ, 0.1 ಮೈಕ್ರಾನ್ ವ್ಯಾಸದ 10 ಲಕ್ಷ ಕಣಗಳಷ್ಟು ತೂಗುತ್ತದೆ. ಗರಸಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋದಾಗ ತೂಕದ ಅಂಕಿ ಏಕಾಏಕಿ ಮೇಲೇರುತ್ತದೆ, ಆದರೆ ಕಣಗಳ ಒಟ್ಟು ಸಂಖ್ಯೆಯನ್ನು ಎದ್ದ ಮಣ್ಣು ಹೆಚ್ಚಿಸುವುದು ಅತ್ಯಲ್ಪ. ಅದೇ ಟ್ರ್ಯಾಕ್ಟರು ಏರಿನಲ್ಲಿ ಕಪ್ಪು ಹೊಗೆ ಉಗುಳಿದಾಗ ಸಂಖ್ಯೆ ಹಲವು ಪಟ್ಟು ಏರುತ್ತದೆ, ತೂಕದ ಅಂಕಿ ಅಷ್ಟಾಗಿ ಅಲುಗುವುದಿಲ್ಲ. ಡೀಸೆಲ್ ಮಸಿಯ ಕಣಗಳು ಹೆಚ್ಚಾಗಿ 0.1 ಮೈಕ್ರಾನಿನ ಆಸುಪಾಸಿನಲ್ಲೂ ಅದಕ್ಕಿಂತ ಕೆಳಗೂ ಇರುವುದೇ ಇದಕ್ಕೆ ಕಾರಣ.

ಕಾನೂನಿನ ದೃಷ್ಟಿಯಿಂದ ನಮ್ಮಲ್ಲಿ ಹೊರಗಾಳಿಗೆ ತೂಕದ ಮಿತಿ ಮಾತ್ರ ಇದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 10, ಅಂದರೆ ಸುಮಾರು 10 ಮೈಕ್ರಾನ್ ವರೆಗಿನ ಕಣಗಳ ತೂಕ, ಪ್ರತಿ ಘನಮೀಟರಿಗೆ ದಿನದ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಹಾಗೂ ವರ್ಷದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು, 2.5 ಮೈಕ್ರಾನ್ ವರೆಗಿನ ಕಣಗಳಾದ ಪಿಎಂ 2.5ಕ್ಕೆ ಈ ಮಿತಿಗಳು ಕ್ರಮವಾಗಿ 60 ಮತ್ತು 40. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದಕ್ಕಿಂತ ಬಹಳ ಬಿಗಿಯಾದದ್ದು: ಪಿಎಂ 2.5ಕ್ಕೆ ವರ್ಷದ ಸರಾಸರಿ 5, ದಿನದ ಸರಾಸರಿ 15. ಅದೇ ಮಾರ್ಗಸೂಚಿ ಅತಿಸೂಕ್ಷ್ಮ (0.1 ಮೈಕ್ರಾನಿಗಿಂತ ಚಿಕ್ಕ) ಕಣಗಳ ಸಂಖ್ಯೆಗೆ ಮಿತಿಯನ್ನು ವಿಧಿಸದಿದ್ದರೂ ಒಂದು ಅಳತೆಗೋಲನ್ನು ಕೊಟ್ಟಿದೆ. ಪ್ರತಿ ಘನ ಸೆಂಟಿಮೀಟರಿಗೆ ದಿನದ ಸರಾಸರಿಯಲ್ಲಿ 1,000ಕ್ಕಿಂತ ಕಡಿಮೆಯಿದ್ದರೆ ಕಡಿಮೆ ಎಂದೂ, ದಿನದ ಸರಾಸರಿ 10,000ವನ್ನು ಅಥವಾ ಗಂಟೆಯ ಸರಾಸರಿ 20,000ವನ್ನು ಮೀರಿದರೆ ಹೆಚ್ಚು ಎಂದೂ ಪರಿಗಣಿಸಬಹುದೆಂದು ಅದು ಹೇಳುತ್ತದೆ. ಸಂಖ್ಯೆಯ ಮಿತಿ ನಮ್ಮ ಕಾನೂನಿನೊಳಗೆ ಬಂದಿರುವುದು ವಾಹನಗಳ ಹೊಗೆಗೆ: 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದಲ್ಲಿ ಡೀಸೆಲ್ ಕಾರೊಂದು ಪ್ರತಿ ಕಿಲೋಮೀಟರಿಗೆ 60,000 ಕೋಟಿ ಕಣಗಳಿಗಿಂತ ಹೆಚ್ಚು ಹೊರಬಿಡುವಂತಿಲ್ಲ.

ನಮ್ಮ ಧೂಳು ಯಾವ ಗಾತ್ರದ್ದು

ಕಲ್ಲು ಒಡೆಯುವುದು, ಮಣ್ಣು ಉಜ್ಜುವುದು, ಕಾಳು ಬಡಿಯುವುದು ಮುಂತಾದ ಯಾಂತ್ರಿಕ ಕ್ರಿಯೆಗಳಿಂದ ಹುಟ್ಟುವ ಕಣಗಳ ತೂಕದ ಬಹುಭಾಗ 2.5 ಮೈಕ್ರಾನಿಗಿಂತ ಮೇಲಿರುತ್ತದೆ. ಬೆಂಕಿಯಿಂದ ಹುಟ್ಟುವ ಕಣಗಳು ಹೆಚ್ಚಾಗಿ 1 ಮೈಕ್ರಾನಿಗಿಂತ ಕೆಳಗಿರುತ್ತವೆ. ಈ ಒಂದು ಸೂತ್ರವನ್ನು ಹಿಡಿದು ಮೂರು ಜಿಲ್ಲೆಗಳನ್ನು ನೋಡಿದರೆ ಉಪಕರಣದ ಆಯ್ಕೆ ಅರ್ಧ ಮುಗಿದಂತೆಯೇ.

ವಿಜಯಪುರದ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಪುಡಿಯಾಗಿ, ಸುಗ್ಗಿಯ ರಾಶಿಯ ದಿನಗಳಲ್ಲೂ ಮುಂಗಾರಿಗೆ ಮುನ್ನ ಬೀಸುವ ಗಾಳಿಯಲ್ಲೂ ಏಳುತ್ತದೆ. ಇದು ದಪ್ಪ ಕಣ. ಮುಧೋಳ ತಾಲೂಕಿನ ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಇಳಕಲ್ಲಿನ ಕೆಂಪು ಗ್ರಾನೈಟಿನ ಗಣಿಗಳು, ಎಲ್ಲೆಡೆ ಇರುವ ಜಲ್ಲಿ ಕ್ರಷರ್‌ಗಳು, ಬಾಗಲಕೋಟೆಯ ಹೋಳಿಯ ಬಣ್ಣದ ಪುಡಿ ಇವೆಲ್ಲವೂ ಅದೇ ಗುಂಪಿಗೆ ಸೇರುತ್ತವೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆಗೆ, ಅಂದರೆ ರವದಿಗೆ, ಇಡುವ ಬೆಂಕಿ ಹಾಗೂ ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣಗಳ ಒಲೆಗಳು ಇನ್ನೊಂದು ಗುಂಪು: ಇವುಗಳ ಹೊಗೆ ಸೂಕ್ಷ್ಮ, ಸಂಖ್ಯೆ ಅಪಾರ. ಆದರೆ ರವದಿ ಸುಟ್ಟಾಗ ಮನೆಯಂಗಳಕ್ಕೆ ಬಂದು ಬೀಳುವ ಕರಿಯ ಚೂರುಗಳು ಎಷ್ಟು ದೊಡ್ಡವೆಂದರೆ ಅವು ಪಿಎಂ 10ರ ಲೆಕ್ಕಕ್ಕೂ ಬರುವುದಿಲ್ಲ. ಕಣ್ಣಿಗೆ ಕಾಣುವ ಆ ಚೂರುಗಳನ್ನು ನೋಡಿ ಜನ ದೂರು ಕೊಡುತ್ತಾರೆ. ಶ್ವಾಸಕೋಶದ ಆಳಕ್ಕಿಳಿಯುವುದು ಅವುಗಳ ಜೊತೆಗೇ ಬಂದ, ಕಣ್ಣಿಗೆ ಕಾಣದ ಹೊಗೆ.

ಕೆಲವು ಕಡೆ ಎರಡೂ ಬೆರೆತಿವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಅಚ್ಚು ಒಡೆಯುವಾಗ ಏಳುವ ಮರಳಿನ ಧೂಳು ದಪ್ಪ, ಕುಲುಮೆಯಿಂದ ಏಳುವ ಲೋಹದ ಹೊಗೆ ಸೂಕ್ಷ್ಮ. ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ ಹಾರುಬೂದಿಯ ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಕಲ್ಲಿದ್ದಲು ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲವು ಗಾಳಿಯಲ್ಲಿ ಸಾಗುತ್ತ ಗಂಟೆಗಳಿಂದ ದಿನಗಳವರೆಗಿನ ಅವಧಿಯಲ್ಲಿ ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ. ಚಿಮಣಿಯ ಬುಡದಲ್ಲಿ ಇಟ್ಟ ಉಪಕರಣಕ್ಕೆ ಇದು ಕಾಣುವುದಿಲ್ಲ.

ಫಿಲ್ಟರ್ ತೂಗುವ ವಿಧಾನ

ಎಲ್ಲ ಅಳತೆಗಳೂ ಕೊನೆಗೆ ಹೋಲಿಸಿಕೊಳ್ಳುವುದು ಈ ವಿಧಾನದ ಜೊತೆಗೇ. ಪಂಪು ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು ಎಳೆಯುತ್ತದೆ. ಒಳಗಿನ ಇಂಪ್ಯಾಕ್ಟರಿನಲ್ಲಿ ಗಾಳಿ ಥಟ್ಟನೆ ತಿರುಗುವಾಗ ಭಾರದ ಕಣಗಳು ತಿರುಗಲಾರದೆ ನೇರವಾಗಿ ಸಾಗಿ ತಟ್ಟೆಗೆ ಅಂಟಿಕೊಳ್ಳುತ್ತವೆ, ಹಗುರ ಕಣಗಳು ಗಾಳಿಯ ಜೊತೆ ತಿರುಗಿ ಫಿಲ್ಟರನ್ನು ಸೇರುತ್ತವೆ. ಇಲ್ಲಿ 2.5 ಎಂಬುದು ಅಲಗಿನಂತೆ ಕತ್ತರಿಸುವ ಗೆರೆಯಲ್ಲ. ಆ ಗಾತ್ರದ ಕಣಗಳಲ್ಲಿ ಅರ್ಧದಷ್ಟು ದಾಟುತ್ತವೆ, ಅರ್ಧದಷ್ಟು ನಿಲ್ಲುತ್ತವೆ ಎಂದು ಅದರ ಅರ್ಥ. ಪಂಪಿನ ಹರಿವು ಕುಗ್ಗಿದರೆ ಗಾಳಿಯ ವೇಗ ತಗ್ಗಿ, ಹೆಚ್ಚು ದಪ್ಪದ ಕಣಗಳೂ ಒಳಗೆ ನುಸುಳುತ್ತವೆ. ವೋಲ್ಟೇಜ್ ಏರಿಳಿತ ಸಾಮಾನ್ಯವಾಗಿರುವ ಊರುಗಳಲ್ಲಿ ಹರಿವನ್ನು ತಾನೇ ಸರಿಪಡಿಸಿಕೊಳ್ಳುವ ಪಂಪನ್ನೇ ಕೊಳ್ಳಬೇಕು; ಇದರಲ್ಲಿ ಉಳಿತಾಯ ಮಾಡಬಾರದು.

ಇಪ್ಪತ್ನಾಲ್ಕು ಗಂಟೆಯಲ್ಲಿ ಫಿಲ್ಟರಿನ ಮೂಲಕ ಹಾಯುವುದು ಸುಮಾರು 24 ಘನಮೀಟರ್ ಗಾಳಿ. ಪಿಎಂ 2.5 ಮಿತಿಯಾದ 60ರಲ್ಲೇ ಇದ್ದರೆ ಫಿಲ್ಟರಿನ ಮೇಲೆ ಕೂರುವ ಧೂಳು ಕೇವಲ 1.44 ಮಿಲಿಗ್ರಾಂ. 47 ಮಿಲಿಮೀಟರ್ ವ್ಯಾಸದ ಆ ಬಿಳಿಯ ಟೆಫ್ಲಾನ್ ಹಾಳೆಯನ್ನು ಮೊಂಡು ತುದಿಯ ಚಿಮಟದಿಂದ ಅಂಚಿನ ಉಂಗುರವನ್ನಷ್ಟೇ ಹಿಡಿದು ಎತ್ತಬೇಕು. ಬೆರಳಿನ ಜಿಡ್ಡು ತಗುಲಿದರೂ ಲೆಕ್ಕ ತಪ್ಪುತ್ತದೆ. ಧೂಳು ಹಿಡಿಯುವ ಮೊದಲೂ ಆಮೇಲೂ ಹಾಳೆಯನ್ನು ತೂಗಬೇಕು, ಎರಡು ಸಲವೂ ತೂಗುವ ಮುನ್ನ ಒಂದೇ ಉಷ್ಣತೆ, ಒಂದೇ ತೇವಾಂಶದ ಕೋಣೆಯಲ್ಲಿ ಅದನ್ನು ಒಂದು ದಿನ ಇಡಬೇಕು, ಹಾಳೆಯ ಮೇಲಿನ ಸ್ಥಿರ ವಿದ್ಯುತ್ತನ್ನು ತೆಗೆಯಬೇಕು, ಮೈಕ್ರೋಗ್ರಾಂ ಓದುವ ತಕ್ಕಡಿ ಇರಬೇಕು. ಸುಣ್ಣಕಲ್ಲಿನ ಲಾರಿಗಳು ಓಡುವ ರಸ್ತೆಯ ಬದಿಯಲ್ಲಿ ಒಂದು ದಿನ ಓಡಿದ ಪಿಎಂ 10 ಫಿಲ್ಟರ್ ತೆಳು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ರವದಿ ಸುಡುವ ದಿನದ ಪಿಎಂ 2.5 ಫಿಲ್ಟರ್ ಕಂದುಗಪ್ಪಾಗಿರುತ್ತದೆ. ಮೂಲ ಯಾವುದೆಂಬ ಮೊದಲ ಸುಳಿವು ಆ ಬಣ್ಣದಲ್ಲೇ ಸಿಗುತ್ತದೆ, ಮತ್ತು ಅದೇ ಫಿಲ್ಟರನ್ನು ಮುಂದೆ ರಾಸಾಯನಿಕ ವಿಶ್ಲೇಷಣೆಗೂ ಕಳಿಸಬಹುದು. ಇದು ಬೇರೆ ವಿಧಾನಗಳಲ್ಲಿ ಸುಲಭಕ್ಕೆ ಸಿಗದ ಲಾಭ. ಕೊರತೆಯೆಂದರೆ ದಿನಕ್ಕೆ ಒಂದೇ ಅಂಕಿ, ಅದೂ ತಡವಾಗಿ. ಆದರೂ ವರ್ಷದ ಸರಾಸರಿಯನ್ನು ಹೇಳಲು ವಾರಕ್ಕೆರಡು ಬಾರಿಯಂತೆ ಕನಿಷ್ಠ 104 ದಿನಗಳ ಅಳತೆ ಸಾಕೆಂದು ರಾಷ್ಟ್ರೀಯ ಮಾನದಂಡವೇ ಒಪ್ಪಿಕೊಂಡಿರುವುದರಿಂದ, ಕಾಲೇಜೊಂದು ಶಿಸ್ತಿನಿಂದ ಮಾಡಿದರೆ ಇದು ಕೈಗೆಟುಕದ ಕೆಲಸವಲ್ಲ.

ಗಂಟೆಗೊಂದು ಅಂಕಿ ಬೇಕಾದವರಿಗೆ ಬೀಟಾ ಕಿರಣದ ಉಪಕರಣವಿದೆ. ಫಿಲ್ಟರ್ ಟೇಪಿನ ಮೇಲೆ ಕೂತ ಧೂಳು ಕಾರ್ಬನ್-14 ಮೂಲದಿಂದ ಬರುವ ಬೀಟಾ ಕಿರಣಗಳನ್ನು ಎಷ್ಟು ತಡೆಯುತ್ತದೆ ಎಂಬುದರಿಂದ ಅದು ತೂಕವನ್ನು ಲೆಕ್ಕ ಹಾಕುತ್ತದೆ. ದಪ್ಪ, ಸಣ್ಣ ಎಂಬ ಭೇದವಿಲ್ಲದೆ ಇದು ತೂಕವನ್ನು ನಂಬಬಹುದಾದಷ್ಟು ಸರಿಯಾಗಿ ಹೇಳುತ್ತದೆ. ಕಣಗಳ ಸಂಖ್ಯೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆಲೆ, ನಿರ್ವಹಣೆ, ಹವಾನಿಯಂತ್ರಿತ ಗೂಡು ಇವೆಲ್ಲ ಸೇರಿದರೆ ಇದು ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೂ ದೊಡ್ಡ ಕಾರ್ಖಾನೆಗಳಿಗೂ ಹೊಂದುವ ಆಯ್ಕೆ.

ಬೆಳಕಿನಿಂದ ಎಣಿಸುವ ಉಪಕರಣಗಳು

ಲೇಸರ್ ಬೆಳಕಿನ ಎದುರು ಕಣ ಹಾಯ್ದಾಗ ಚದುರುವ ಬೆಳಕಿನಿಂದ ಅದರ ಗಾತ್ರವನ್ನು ಊಹಿಸಿ ಎಣಿಸುವ ಉಪಕರಣಗಳ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಗೊಂದಲ ಹೆಚ್ಚು. ಇವುಗಳಲ್ಲಿ ಎರಡು ಜಾತಿಗಳಿವೆ. ಒಂದು, ಕಣಗಳನ್ನು ನಿಜವಾಗಿ ಒಂದೊಂದಾಗಿ ನೋಡುವಂಥದ್ದು; ಉದಾಹರಣೆಗೆ ಆಲ್ಫಾಸೆನ್ಸ್ ಕಂಪನಿಯ ಒಪಿಸಿ-ಎನ್3 ಎಂಬುದು 0.35ರಿಂದ 40 ಮೈಕ್ರಾನಿನವರೆಗಿನ ಕಣಗಳನ್ನು 24 ಗಾತ್ರಗಳಲ್ಲಿ ವಿಂಗಡಿಸುತ್ತದೆ. ಇನ್ನೊಂದು, ಪ್ಲಾಂಟವರ್ ಪಿಎಂಎಸ್5003ರಂಥ ಅಂಗೈಯೊಳಗೆ ಅಡಗುವ ನೀಲಿ ಡಬ್ಬಿ. ಮನೆಯ ಗಾಳಿ ಶುದ್ಧಿ ಯಂತ್ರಗಳಲ್ಲೂ ಹಲವು ಅಗ್ಗದ ಮಾಪಕಗಳಲ್ಲೂ ಇರುವುದು ಇಂಥದ್ದೇ. ಇದು 0.3ರಿಂದ 10 ಮೈಕ್ರಾನಿನವರೆಗೆ ಆರು ಗಾತ್ರಗಳ ಎಣಿಕೆಯನ್ನು ತೋರಿಸುತ್ತದೆ. ಆದರೆ ಅದರ ಪುಟ್ಟ ಫ್ಯಾನು ಎಳೆಯುವ ಗಾಳಿ ಡಬ್ಬಿಯೊಳಗೆ ಚೂಪಾಗಿ ತಿರುಗಿ ಸಾಗಬೇಕಾದ್ದರಿಂದ ದಪ್ಪ ಕಣಗಳು ಲೇಸರಿನವರೆಗೆ ತಲುಪುವುದೇ ಅಪರೂಪ, ಮತ್ತು ಅದು ತೋರಿಸುವ ದೊಡ್ಡ ಗಾತ್ರದ ಅಂಕಿಗಳ ಬಹುಪಾಲು ಸಣ್ಣ ಕಣಗಳಿಂದ ಮಾಡಿದ ಅಂದಾಜು. ಬೇರೆ ದೇಶಗಳ ಧೂಳುಗಾಳಿಯ ದಿನಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಇಂಥ ಸೆನ್ಸರ್‌ಗಳು ಪಿಎಂ 10ನ್ನು ಬಹಳ ಕಡಿಮೆ ತೋರಿಸಿರುವುದು ದಾಖಲಾಗಿದೆ. ವಿಜಯಪುರದ ಮೇ ತಿಂಗಳಲ್ಲಿ, ಕಣ್ಣು ಬಿಡಲಾಗದಷ್ಟು ಮಣ್ಣು ಹಾರುವ ಹೊತ್ತಿನಲ್ಲಿ, ಈ ಡಬ್ಬಿ ಗಾಳಿ ತಕ್ಕಮಟ್ಟಿಗೆ ಚೆನ್ನಾಗಿದೆ ಎಂದು ಹೇಳಬಲ್ಲದು. ಆ ಅಂಕಿಯನ್ನು ನಂಬಿ ಶಾಲೆಯ ಮಕ್ಕಳನ್ನು ಬಯಲಿಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹೊಗೆಯ ವಿಷಯದಲ್ಲಿ ಇದೇ ಡಬ್ಬಿ ಉಪಯುಕ್ತ. ರವದಿಯ ಬೆಂಕಿ ಯಾವ ಹೊತ್ತಿನಲ್ಲಿ ಊರಿನೊಳಗೆ ಹೊಗೆ ತರುತ್ತದೆ, ಅಡುಗೆಮನೆಯ ಒಲೆಯ ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬಂಥ ಏರಿಳಿತದ ಪ್ರಶ್ನೆಗಳಿಗೆ ಅದು ನಿಮಿಷ ನಿಮಿಷದ ಉತ್ತರ ಕೊಡುತ್ತದೆ. ಎಣಿಕೆಯನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಅಂಕಿಗಳು 0.1 ಲೀಟರ್ ಗಾಳಿಗೆ ಸಂಬಂಧಿಸಿದವು, ಘನ ಸೆಂಟಿಮೀಟರಿಗೆ ಬೇಕಾದರೆ 100ರಿಂದ ಭಾಗಿಸಬೇಕು, ಮತ್ತು 0.3ರ ಎದುರಿನ ಅಂಕಿಯಲ್ಲಿ ಅದಕ್ಕಿಂತ ದೊಡ್ಡ ಎಲ್ಲ ಕಣಗಳೂ ಸೇರಿರುತ್ತವೆ, ಒಂದು ಗಾತ್ರದ ಪಾಲು ತಿಳಿಯಲು ಮುಂದಿನ ಅಂಕಿಯನ್ನು ಕಳೆಯಬೇಕು.

ತೇವಾಂಶ ಈ ಎರಡೂ ಜಾತಿಗಳ ಶತ್ರು. ಲವಣಾಂಶದ ಕಣಗಳು ತೇವದ ಗಾಳಿಯಲ್ಲಿ ನೀರು ಹೀರಿ ಹಿಗ್ಗುತ್ತವೆ, ಮಂಜಿನ ಹನಿಗಳೂ ಕಣಗಳೆಂದೇ ಎಣಿಕೆಯಾಗುತ್ತವೆ. ಬೆಳಗಾವಿಯ ಮಳೆಗಾಲದಲ್ಲೂ ಚಳಿಗಾಲದ ಮಂಜಿನ ಮುಂಜಾವಿನಲ್ಲೂ ಅಂಕಿ ವಿಪರೀತ ಏರುವುದಕ್ಕೆ ಇದೇ ಕಾರಣವಾಗಿರಬಹುದು. ಪಕ್ಕದಲ್ಲಿ ತೇವಾಂಶ ಮಾಪಕವಿಲ್ಲದ ಉಪಕರಣವನ್ನು ಬೆಳಗಾವಿಯವರು ಕೊಳ್ಳಲೇಬಾರದು. ವಿಜಯಪುರದ ಒಣ ಹವೆಯಲ್ಲಿ ಈ ತೊಂದರೆ ಬಹಳ ಕಡಿಮೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಸಮಸ್ಯೆ ಬೇರೆಯದು. ಹತ್ತಿಯ ಎಳೆಗಳು ಫ್ಯಾನಿನ ಬಾಯಿಗೆ ಜಾಲದಂತೆ ಸುತ್ತಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತವೆ, ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತ ಹೋಗುತ್ತದೆ, ಗಾಳಿ ಸುಧಾರಿಸಿದೆ ಎಂಬ ಭ್ರಮೆ ಹುಟ್ಟುತ್ತದೆ. ಅಲ್ಲಿ ಬಾಯಿಗೆ ಜಾಲರಿ ಹಾಕಿ, ನಿಯಮಿತವಾಗಿ ಬಿಚ್ಚಿ ನೋಡಬೇಕು.

ಎಣಿಕೆಯಿಂದ ತೂಕಕ್ಕೆ ಹೋಗುವಾಗ ಉಪಕರಣ ಒಂದು ಸಾಂದ್ರತೆಯನ್ನು ಊಹಿಸಿಕೊಂಡಿರುತ್ತದೆ. ಮಣ್ಣು, ಕಲ್ಲಿನ ಧೂಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ. ಅಂಥ 2.5 ಮೈಕ್ರಾನ್ ಅಗಲದ ಗುಂಡು ಕಣ ಗಾಳಿಯಲ್ಲಿ ವರ್ತಿಸುವುದು ನೀರಿನ ಸಾಂದ್ರತೆಯ 4 ಮೈಕ್ರಾನ್ ಕಣದಂತೆ. ಬೆಳಕು ಕಾಣುವ ಗಾತ್ರವೇ ಬೇರೆ, ಫಿಲ್ಟರಿನ ಇಂಪ್ಯಾಕ್ಟರ್ ಕಾಣುವ ಗಾತ್ರವೇ ಬೇರೆ ಎಂದಾಯಿತು. ಎರಡು ಉಪಕರಣಗಳು ಹೊಂದಲಿಲ್ಲವೆಂದು ಒಂದನ್ನು ಕೆಟ್ಟಿದೆ ಎನ್ನುವ ಮೊದಲು ಇದನ್ನು ನೆನೆಯಬೇಕು.

ಅತಿಸೂಕ್ಷ್ಮ ಕಣಗಳ ಎಣಿಕೆ

0.3 ಮೈಕ್ರಾನಿಗಿಂತ ಬಹಳ ಚಿಕ್ಕ ಕಣಗಳು ಚದುರಿಸುವ ಬೆಳಕು ತೀರ ಕ್ಷೀಣ. ಅವುಗಳನ್ನು ಎಣಿಸಲು ಸಾಂದ್ರೀಕರಣ ಎಣಿಕೆಯಂತ್ರ ಬೇಕು. ಅದರಲ್ಲಿ ಬ್ಯುಟನಾಲ್, ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ನೀರಿನ ಆವಿ ಕಣದ ಮೇಲೆ ದ್ರವವಾಗಿ ಕೂತು ಅದನ್ನು ಕೆಲವು ಮೈಕ್ರಾನಿನ ಹನಿಯಾಗಿ ಬೆಳೆಸುತ್ತದೆ, ಬಳಿಕ ಬೆಳಕು ಆ ಹನಿಯನ್ನು ಎಣಿಸುತ್ತದೆ. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲೇ ಇದೇ ತತ್ವದಿಂದ ಗಾಳಿಯ ಧೂಳನ್ನು ಎಣಿಸಿದ್ದರು. ಒಂದೇ ರಸ್ತೆಯ ಬದಿಯಲ್ಲಿ ಲೇಸರ್ ಸೆನ್ಸರ್ ಘನ ಸೆಂಟಿಮೀಟರಿಗೆ ಕೆಲವು ಹತ್ತು ಕಣಗಳೆಂದೂ ಈ ಯಂತ್ರ ಹತ್ತಾರು ಸಾವಿರವೆಂದೂ ತೋರಿಸಿದರೆ ಎರಡೂ ಸರಿಯಿರಬಹುದು. ಅವು ಎಣಿಸಿದ್ದು ಬೇರೆ ಬೇರೆ ಕಣಗಳನ್ನು. ಇದರ ಮುಂದೆ ವಿದ್ಯುತ್ ಕ್ಷೇತ್ರದಿಂದ ಕಣಗಳನ್ನು ಗಾತ್ರವಾರು ಬೇರ್ಪಡಿಸುವ ಘಟಕವನ್ನು ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ ಸುಮಾರು 10 ನ್ಯಾನೋಮೀಟರಿನಿಂದ 1 ಮೈಕ್ರಾನಿನವರೆಗಿನ ಪೂರ್ಣ ಚಿತ್ರ ಸಿಗುತ್ತದೆ. ಅದರಲ್ಲಿ ವಿಕಿರಣ ಮೂಲ ಅಥವಾ ಎಕ್ಸ್-ರೇ ಘಟಕ ಇರುವುದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಈ ಯಂತ್ರಗಳು ಸಾಮಾನ್ಯವಾಗಿ 35ರಿಂದ 38 ಡಿಗ್ರಿಯೊಳಗಿನ ಹವೆಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಓರೆಯಾದರೆ ಒಳಗಿನ ದ್ರವ ಚೆಲ್ಲುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಹವಾನಿಯಂತ್ರಿತ ಕೋಣೆ ಮತ್ತು ಯುಪಿಎಸ್ ಇಲ್ಲದೆ ಇವುಗಳನ್ನು ನಡೆಸುವುದು ಸಾಧ್ಯವಿಲ್ಲ. ನಡೆದಾಡುತ್ತ ಅಳೆಯಬೇಕಾದವರಿಗೆ ಕಣಗಳಿಗೆ ವಿದ್ಯುದಾವೇಶ ಕೊಟ್ಟು ಆ ವಿದ್ಯುತ್ತನ್ನು ಅಳೆಯುವ ಕೈಯುಪಕರಣಗಳಿವೆ; ನಿಖರತೆ ಶೇ. 30ರಷ್ಟು ಆಚೀಚೆ ಆಗಬಹುದಾದರೂ ದ್ರವದ ಗೊಡವೆಯಿಲ್ಲ, ಬಸ್ ನಿಲ್ದಾಣದಿಂದ ಮಾರುಕಟ್ಟೆಯವರೆಗೆ ಎಲ್ಲಿ ಸಂಖ್ಯೆ ಹೆಚ್ಚು ಎಂದು ಹೋಲಿಸಲು ಅಷ್ಟು ಸಾಕು.

ಯಾರಿಗೆ ಯಾವುದು

ಶಾಲೆಗಳಿಗೆ, ನಾಗರಿಕ ಗುಂಪುಗಳಿಗೆ ನನ್ನ ಸಲಹೆ ಇದು: ಒಂದೇ ದುಬಾರಿ ಪೆಟ್ಟಿಗೆಗಿಂತ ಎರಡು ಮೂರು ಅಗ್ಗದ ಸೆನ್ಸರ್‌ಗಳನ್ನು ಹೊಗೆಯ ಏರಿಳಿತಕ್ಕಾಗಿ ಇಟ್ಟುಕೊಳ್ಳಿ, ಅವುಗಳ ಪಿಎಂ 10 ಅಂಕಿಯನ್ನು ಎಲ್ಲೂ ಪ್ರಕಟಿಸಬೇಡಿ. ಕ್ರಷರ್ ಅಥವಾ ಸಿಮೆಂಟ್ ಧೂಳಿನ ಬಗ್ಗೆ ದೂರು ಕೊಡುವ ಹಳ್ಳಿಯವರಿಗೆ ಫಿಲ್ಟರ್ ತೂಗುವ ವಿಧಾನವೊಂದೇ ದಾರಿ, ಏಕೆಂದರೆ ಮಾನದಂಡ ಇರುವುದು ತೂಕಕ್ಕೆ, ವಾದ ನಿಲ್ಲುವುದೂ ತೂಕದ ಮೇಲೆಯೇ.

ಇಳಕಲ್ಲಿನ ಗಣಿ, ಬೆಳಗಾವಿಯ ಫೌಂಡ್ರಿಗಳಲ್ಲಿ ಹೊರಗಾಳಿಯ ಅಳತೆಗಿಂತ ಕೆಲಸಗಾರ ಉಸಿರಾಡುವ ಗಾಳಿಯ ಅಳತೆ ಮುಖ್ಯ. ಅಲ್ಲಿ 4 ಮೈಕ್ರಾನಿನಲ್ಲಿ ಅರ್ಧದಷ್ಟು ಕಣಗಳನ್ನು ತಡೆಯುವ ಚಿಕ್ಕ ಸೈಕ್ಲೋನನ್ನು (ಗಾಳಿಯನ್ನು ಸುತ್ತಿಸಿ ದಪ್ಪ ಕಣಗಳನ್ನು ಬೇರ್ಪಡಿಸುವ ಕೊಳವೆ) ಕಾರ್ಮಿಕನ ಕೊರಳಪಟ್ಟಿಗೆ ಸಿಕ್ಕಿಸಿ, ಪಂಪನ್ನು ಸೊಂಟಕ್ಕೆ ಕಟ್ಟಿ, ಪಾಳಿಯುದ್ದಕ್ಕೂ ಫಿಲ್ಟರಿನಲ್ಲಿ ಧೂಳು ಸಂಗ್ರಹಿಸಬೇಕು. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಕೊಟ್ಟಿದ್ದ ಸೂತ್ರದಲ್ಲಿ, ಉಸಿರಿಗೆ ಇಳಿಯುವ ಧೂಳಿನ ಮಿತಿಯು 10ನ್ನು, ಸ್ಫಟಿಕದ (ಮರಳು, ಗ್ರಾನೈಟಿನಲ್ಲಿರುವ ಸಿಲಿಕಾ ಖನಿಜದ) ಶೇಕಡಾವಾರಿಗೆ 2 ಕೂಡಿಸಿ ಬರುವ ಅಂಕಿಯಿಂದ ಭಾಗಿಸಿದಷ್ಟು ಮಿಲಿಗ್ರಾಂ. ಧೂಳಿನಲ್ಲಿ ಶೇ. 18ರಷ್ಟು ಸ್ಫಟಿಕವಿದ್ದರೆ ಘನಮೀಟರಿಗೆ ಅರ್ಧ ಮಿಲಿಗ್ರಾಂ ಮಾತ್ರ. ಲೇಸರ್ ಎಣಿಕೆಯಂತ್ರ ಎಷ್ಟೇ ಉತ್ತಮವಾಗಿರಲಿ, ಮರಳಿನ ಕಣ ಯಾವುದು, ಮಸಿ ಯಾವುದು ಎಂದು ಹೇಳಲಾರದು. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ಬಂದ ಮೇಲೆ ವಾಸಿಯಾಗುವ ಕಾಯಿಲೆಯಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ಅಡ್ಡದಾರಿಯನ್ನು ಯಾರೂ ಹಿಡಿಯಬಾರದೆಂದು ಬೇಡಿಕೊಳ್ಳುತ್ತೇನೆ.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳವರಿಗೆ ಆಯ್ಕೆ ಸುಲಭ: ಶುದ್ಧ ಗಾಳಿಯ ಕೊಠಡಿಗಳಿಗಾಗಿ ಇರುವ ಐಎಸ್ಒ 14644 ಮಾನದಂಡ ಕೇಳುವುದೇ ಎಣಿಕೆಯನ್ನು, 7ನೇ ದರ್ಜೆಗೆ ಘನಮೀಟರಿನಲ್ಲಿ 0.5 ಮೈಕ್ರಾನ್ ಮತ್ತು ಮೇಲಿನ ಕಣಗಳು 3,52,000 ಮೀರಬಾರದು. ಪ್ರಮಾಣೀಕೃತ ಬೆಳಕಿನ ಎಣಿಕೆಯಂತ್ರ ಸಾಕು. ಅತಿಸೂಕ್ಷ್ಮ ಕಣಗಳ ಯಂತ್ರವನ್ನು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಷ್ಟೇ ಕೊಳ್ಳಲಿ, ಅದೂ ನಡೆಸುವವರು ಮತ್ತು ದುರಸ್ತಿಯ ಹಣ ಇದ್ದರೆ.

ಕೊಂಡ ಮೇಲೆ

ಮೊದಲ ಪರೀಕ್ಷೆ ಎಲ್ಲರೂ ಮಾಡಬಹುದಾದದ್ದು: ಉಪಕರಣದ ಬಾಯಿಗೆ ಹೆಪಾ ಫಿಲ್ಟರ್ (ಬಹುತೇಕ ಎಲ್ಲ ಕಣಗಳನ್ನೂ ತಡೆಯುವ ಶೋಧಕ) ಜೋಡಿಸಿದಾಗ ಎಣಿಕೆ ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಸೋರಿಕೆಯಿದೆ. ಎರಡನೆಯದು, ಬಾಗಲಕೋಟೆಯ ವಿದ್ಯಾಗಿರಿ, ವಿಜಯಪುರದ ಇಬ್ರಾಹಿಂಪುರದಂಥ ಕಡೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪಿಸಿರುವ ನಿರಂತರ ಮಾಪನ ಕೇಂದ್ರಗಳ ಪಕ್ಕದಲ್ಲಿ ಅನುಮತಿ ಪಡೆದು ಉಪಕರಣವನ್ನು ಕೆಲವು ವಾರ ಇಟ್ಟು ಹೋಲಿಸುವುದು. ಇದನ್ನು ಬೇಸಿಗೆಯಲ್ಲೊಮ್ಮೆ, ಕಬ್ಬು ಅರೆಯುವ ಹಂಗಾಮಿನಲ್ಲೊಮ್ಮೆ ಮಾಡಬೇಕು. ಮಣ್ಣಿನ ಧೂಳಿಗೆ ಸಿಕ್ಕ ತಿದ್ದುಪಡಿಯ ಗುಣಕ ಹೊಗೆಗೆ ಹೊಂದುವುದಿಲ್ಲ. ಉಪಕರಣದ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿ, ಗೋಡೆಗೆ ಅಂಟದೆ, ಗಾಳಿ ಮುಕ್ತವಾಗಿ ಆಡುವ ಕಡೆ ಇರಲಿ. ಮಾರುವವರಿಂದ ಒಂದು ಮಾತನ್ನು ಬರಹದಲ್ಲಿ ಪಡೆಯಿರಿ: ಗಾಳಿಯ ಗುಣಮಟ್ಟದ ಬಣ್ಣದ ಸೂಚ್ಯಂಕ ಮಾತ್ರವಲ್ಲದೆ, ಪ್ರತಿ ಗಾತ್ರದ ಕಚ್ಚಾ ಎಣಿಕೆ, ಗಾಳಿಯ ಹರಿವು, ಉಷ್ಣತೆ ಮತ್ತು ತೇವಾಂಶವನ್ನು ಸಮಯದೊಂದಿಗೆ ಕಡತವಾಗಿ ಉಳಿಸಿಕೊಳ್ಳಲು ಆ ಉಪಕರಣ ಅವಕಾಶ ಕೊಡಬೇಕು. ಅದಕ್ಕೆ ಒಪ್ಪದವರಿಂದ ಕೊಳ್ಳಬೇಡಿ.